ಅಳಿಸಿದರೂ ಮರಳಿ ಬರುವ ಚೆಕ್ ಎಂಜಿನ್ ದೀಪ

ಮಾಜ್ದಾ ಎಂಎಕ್ಸ್-5 ಕಾರಿನಲ್ಲಿ ಪಿ0171 ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸುವ ದೋಷ ಸಂಕೇತ) ಅಳಿಸಿದ ಕೆಲವೇ ದಿನಗಳಲ್ಲಿ ಚೆಕ್ ಎಂಜಿನ್ ದೀಪ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಲು ದಯವಿಟ್ಟು ಆತುರಪಡಬೇಡಿ. ಎಂಜಿನ್‌ನೊಳಗೆ ಉರಿಯುವ ಮಿಶ್ರಣದಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂಬುದನ್ನಷ್ಟೇ ಆ ಕೋಡ್ ತಿಳಿಸುತ್ತದೆ. ಅಳಿಸುವ ಮುನ್ನ ಫ್ರೀಜ್ ಫ್ರೇಮ್ ಮಾಹಿತಿಯನ್ನು (ದೋಷ ದಾಖಲಾದ ಕ್ಷಣದ ಎಂಜಿನ್ ಸ್ಥಿತಿಯ ವಿವರ) ಬರೆದಿಟ್ಟುಕೊಳ್ಳಿ. ಕೋಡಿನೊಂದಿಗೆ ಅದೂ ಅಳಿಸಿಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರ್‌ನಲ್ಲಿ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಗಮನಿಸಿದಾಗ, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಶೇ. +20ರ ಆಸುಪಾಸಿನಲ್ಲಿದ್ದ ಅಂಕಿ 2500 ಆರ್‌ಪಿಎಂನಲ್ಲಿ ಸೊನ್ನೆಯತ್ತ ಇಳಿದರೆ, ಇನ್‌ಟೇಕ್ ಗ್ಯಾಸ್ಕೆಟ್ (ಗಾಳಿ ಒಳಹೋಗುವ ಮಾರ್ಗದ ಸೀಲ್) ಅಥವಾ ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸ್ ಮೂಲಕ ಗಾಳಿ ಒಳಸೇರುತ್ತಿರುವ ಸಾಧ್ಯತೆಯೇ ಹೆಚ್ಚು. ಗಾಳಿಯ ಮಾರ್ಗಕ್ಕೆ ಹೊಗೆ ತುಂಬಿಸುವ ಸ್ಮೋಕ್ ಟೆಸ್ಟ್ ಮಾಡಿಸಿದರೆ ಸೋರುವ ಜಾಗದಿಂದ ಹೊಗೆ ಹೊರಬರುವುದು ಕಣ್ಣಿಗೇ ಕಾಣುತ್ತದೆ. ಎಂಜಿನ್ ಮೇಲಿನ ಭಾರ ಹೆಚ್ಚಿದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಒತ್ತಡವನ್ನೂ ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರನ್ನೂ ಪರೀಕ್ಷಿಸಬೇಕು. ಎಣ್ಣೆ ಹಚ್ಚಿದ ಪರ್ಫಾರ್ಮೆನ್ಸ್ ಏರ್ ಫಿಲ್ಟರ್ ಹಾಕಿಸಿದ್ದರೆ ಆ ಎಣ್ಣೆ ಸೆನ್ಸರಿಗೆ ಅಂಟಿರಬಹುದು; ಮೊದಲು ಈ ಸೆನ್ಸರನ್ನೇ ಅದಕ್ಕೆಂದಿರುವ ಸ್ಪ್ರೇಯಿಂದ ಶುಚಿಗೊಳಿಸಿ.