ಎಲೆಕ್ಟ್ರಾನಿಕ್ ಕೀಲಿ ಕಳೆದುಹೋದರೆ ಎಲ್ಲ ಬೀಗಗಳನ್ನೂ ಬದಲಿಸಬೇಕಾ?

ಬೇಡ. ಈ ಕೀಲಿಯಲ್ಲಿ ಹಲ್ಲುಗಳ ಬದಲು ಚಿಪ್, ಗಡಿಯಾರ, ಬ್ಯಾಟರಿ ಇರುತ್ತವೆ. ಯಾವ ಬಾಗಿಲು, ಯಾವ ದಿನ, ಎಷ್ಟು ಗಂಟೆಯವರೆಗೆ ಅನ್ನೋದು ಅದರಲ್ಲೇ ಬರೆದಿರುತ್ತದೆ. ಹಲವು ಮಾದರಿಗಳಲ್ಲಿ ಬೀಗಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಕೀಲಿ ತಾಗಿದಾಗ ಅದರಿಂದಲೇ ಕರೆಂಟ್ ಸಿಗುತ್ತದೆ. ಹಳೆಯ ಕಟ್ಟಡಗಳಿಗೆ ಇದು ದೊಡ್ಡ ಅನುಕೂಲ ಅಲ್ವಾ?

ಕೀಲಿಗೆ ಒಂದೇ ದಿನದ ಅವಧಿ ಕೊಟ್ಟರೆ, ಕಳೆದುಹೋದದ್ದು ಮರುದಿನ ಸುಮ್ನೆ ಲೋಹದ ತುಂಡು. ವರ್ಷದ ಅವಧಿ ಕೊಟ್ಟಿದ್ದರೆ ಕಷ್ಟ: ವೈರ್ ಇಲ್ಲದ ಬೀಗಕ್ಕೆ ಸುದ್ದಿ ತಾನಾಗಿ ಮುಟ್ಟುವುದಿಲ್ಲ. ಯಾರಾದರೂ ಪ್ರತಿ ಬಾಗಿಲಿಗೂ ಹೋಗಿ ಆ ಕೀಲಿಯನ್ನು ತಡೆಯಬೇಕು. ಅದಕ್ಕೇ ನಾನು ಚಿಕ್ಕ ಅವಧಿಯನ್ನೇ ಒತ್ತಿ ಹೇಳುತ್ತೇನೆ.

ಬಾಗಿಲು ತೆರೆದದ್ದು, ತೆರೆಯಲು ಹೋಗಿ ಆಗದಿದ್ದದ್ದು, ಎರಡೂ ಸಮಯದ ಸಮೇತ ದಾಖಲಾಗುತ್ತವೆ. ಆದರೆ ಅಲ್ಲಿ ಸಿಗುವುದು ಕೀಲಿಯ ಗುರುತು ಮಾತ್ರ, ಅದನ್ನು ಹಿಡಿದವರದ್ದಲ್ಲ.