1960ರ ದಶಕದ ಜಾಗ್ವಾರ್ ಇ-ಟೈಪ್ ಕಾರಿಗೆ 185 ವಿಆರ್ 15 ಟೈರ್ ಸಾಮಾನ್ಯ ಅಂಗಡಿಗಳಲ್ಲಿ ಸಿಗದಿದ್ದರೆ ಬದಲಿಗೆ ಏನು ಹಾಕಿಸಬಹುದು?

ಮೊದಲು ಹಳೆಯ ಗುರುತನ್ನು ಅರ್ಥ ಮಾಡಿಕೊಳ್ಳಬೇಕು. 185 ಎಂಬುದು ಮಿಲಿಮೀಟರ್‌ಗಳಲ್ಲಿ ಟೈರಿನ ಅಗಲ, 15 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ; ವಿ ಎಂಬುದು ವೇಗಮಿತಿಯ ಅಕ್ಷರ, ಆರ್ ಎಂದರೆ ರೇಡಿಯಲ್ ಎಂಬ ಟೈರಿನ ಬಗೆ. ಇಂದಿನ ಟೈರುಗಳಲ್ಲಿರುವಂತೆ ನಡುವೆ 70 ಅಥವಾ 65 ಎಂಬ ಅಂಕಿ ಇಲ್ಲದಿರುವುದರಿಂದ ಪಕ್ಕದ ಗೋಡೆಯ ಎತ್ತರ ಅಗಲದ ಸುಮಾರು ಶೇ. 80ರಷ್ಟಿದೆ ಎಂದು ತಿಳಿಯಬೇಕು. ಈ ಲೆಕ್ಕದಲ್ಲಿ ಚಕ್ರದ ಒಟ್ಟು ವ್ಯಾಸ ಸುಮಾರು 677 ಮಿ.ಮೀ. ಆಗುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಸೂಚಿಸುವ 205/70 ಆರ್ 15 ಟೈರಿನ ವ್ಯಾಸ 668 ಮಿ.ಮೀ. ಇರುವುದರಿಂದ ಸ್ಪೀಡೋಮೀಟರ್‌ನಲ್ಲಿ ಬರುವ ವ್ಯತ್ಯಾಸ ಅತ್ಯಲ್ಪ. ಆದರೆ ಅಗಲ ಹೆಚ್ಚಿದಷ್ಟೂ ನಿಧಾನಗತಿಯಲ್ಲಿ ಸ್ಟಿಯರಿಂಗ್ ಭಾರವಾಗುತ್ತದೆ, ಟೈರು ಕಾರಿನ ಮೈಗೆ ತಾಗುತ್ತದೆಯೇ ಎಂದು ಚಕ್ರವನ್ನು ಪೂರ್ತಿ ತಿರುಗಿಸಿ ನೋಡಬೇಕಾಗುತ್ತದೆ. ಹಣ ಹೊಂದುವುದಾದರೆ ಪಿರೆಲ್ಲಿ ಕಂಪನಿಯು ಹಳೆಯ ಕಾರುಗಳಿಗೆಂದೇ ಈಗಲೂ ತಯಾರಿಸುವ 185 ವಿಆರ್ 15 ಸಿಂಟುರಾಟೊ ಟೈರನ್ನೇ ತರಿಸುವುದು ಲೇಸೆಂದು ನನ್ನ ಅಭಿಪ್ರಾಯ.

ವೇಗಮಿತಿಯ ಅಕ್ಷರವನ್ನು ಕಡೆಗಣಿಸಬಾರದು: ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ ಎಂದರೆ 240. ಸ್ಪೋಕ್ ಚಕ್ರಗಳಾಗಿದ್ದರೆ ಸಾಮಾನ್ಯವಾಗಿ ಟ್ಯೂಬ್ ಬೇಕು. ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ‘ಹೊಸ’ ಟೈರು ಅಗ್ಗವಾಗಿ ಸಿಕ್ಕರೂ, ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕಂಕಿಯ ಗುರುತನ್ನು ಓದದೆ ಕೊಳ್ಳಬೇಡಿ.