ಎರಡೇ ಓವರ್ ಆಡಿದ ಹ್ಯಾಂಪ್‌ಷೈರ್ ಆಟಗಾರ

ಬ್ಯಾಟ್ ಹಿಡಿಯದೆ, ಬೌಲಿಂಗ್ ಮಾಡದೆ, ಒಂದೇ ಪಂದ್ಯಕ್ಕೆ ಆಟ ಮುಗಿದುಹೋದ ವೃತ್ತಿಪರ ಕ್ರಿಕೆಟಿಗರು ಇದ್ದಾರೆಯೇ, ಇದ್ದರೆ ಅಂಥವರನ್ನು ಕ್ರಿಕೆಟಿಗ ಎನ್ನಬಹುದೇ ಎಂದು ಕೇಳಿದ್ದೀರಿ. ಇದ್ದಾರೆ. ಎನ್ನಲೇಬೇಕು.

ಅಂಥ ಒಬ್ಬರ ಹೆಸರು ಫ್ರೆಡರಿಕ್ ಹೈಲ್ಯಾಂಡ್. 1924ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಯ ಪರವಾಗಿ ನಾರ್ಥಾಂಪ್ಟನ್‌ನಲ್ಲಿ ಕಣಕ್ಕಿಳಿದರು. ಆಗ ಕೌಂಟಿ ಪಂದ್ಯ ಮೂರು ದಿನದ್ದು. ಮಳೆ ಬಿಟ್ಟುಕೊಟ್ಟದ್ದು ಎರಡೇ ಓವರ್. ಎದುರಾಳಿ ನಾರ್ಥಾಂಪ್ಟನ್‌ಷೈರ್ ವಿಕೆಟ್ ನಷ್ಟವಿಲ್ಲದೆ 1 ರನ್ ಗಳಿಸಿತ್ತು, ಅಷ್ಟೇ. ಹೈಲ್ಯಾಂಡ್ ಮತ್ತೆಂದೂ ಪ್ರಥಮ ದರ್ಜೆ ಪಂದ್ಯ, ಅಂದರೆ ಕೌಂಟಿ ಪಂದ್ಯದಂಥ ಉನ್ನತ ಮಟ್ಟದ ಹಲವು ದಿನಗಳ ಪಂದ್ಯ, ಆಡಲಿಲ್ಲ.

ನಾನು ನಮ್ಮೂರಿನ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುವವನು. ಆ ಪಂದ್ಯದ ಪುಟ ಹೇಗಿದ್ದಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಂದದ್ದು ಒಂದೇ ರನ್ ಆದ್ದರಿಂದ ಎರಡರಲ್ಲಿ ಒಂದು ಓವರ್ ಮೇಡನ್, ಅಂದರೆ ರನ್ನೇ ಬಾರದ ಓವರ್, ಆಗಿರಲೇಬೇಕು. ರನ್ ಬಾರದ ಎಸೆತಕ್ಕೊಂದರಂತೆ ಇಟ್ಟ ಆರು ಚುಕ್ಕೆಗಳನ್ನು ಸೇರಿಸಿ ಎಳೆದ 'ಎಂ' ಗುರುತು, ಪಕ್ಕದಲ್ಲಿ ಖಾಲಿ ಮನೆಗಳ ಸಾಲು. ಒಂದು ಎಸೆತವೂ ಬೀಳದೆ ರದ್ದಾಗಿದ್ದರೆ ಆ ಪಂದ್ಯ ಲೆಕ್ಕಕ್ಕೇ ಬರುತ್ತಿರಲಿಲ್ಲ, ಹೈಲ್ಯಾಂಡ್ ಎಂಬ ಹೆಸರೂ ದಾಖಲೆಯಲ್ಲಿ ಉಳಿಯುತ್ತಿರಲಿಲ್ಲ.

ಒಮ್ಮೆ ನಮ್ಮಲ್ಲೂ ನಾಲ್ಕನೇ ಓವರ್‌ಗೆ ಮಳೆ ಹಿಡಿದು ಆಟ ನಿಂತಿತು. ಅದೇ ಮೊದಲ ಪಂದ್ಯ ಆಡುತ್ತಿದ್ದ ಹುಡುಗನೊಬ್ಬ ಒದ್ದೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನನ್ನ ಮೇಜಿನ ಹತ್ತಿರ ಬಂದು, "ಸರ್, ನನ್ನ ಹೆಸರು ಬರೆದಿದ್ದೀರಲ್ಲವೇ?" ಎಂದು ಕೇಳಿದ. ತೋರಿಸಿದೆ. ಬೆರಳಿಟ್ಟು ಓದಿಕೊಂಡು ಹೋದ. ಹೈಲ್ಯಾಂಡರ ಅಂಕಿ ಅಂಶಗಳನ್ನು ಯಾರಾದರೂ ನಗೆಹನಿಯಂತೆ ಹಂಚಿಕೊಂಡಾಗ ನನಗೆ ಆ ಹುಡುಗನ ಮುಖ ನೆನಪಾಗಿ ಸಂಕಟವಾಗುತ್ತದೆ.

ವೃತ್ತಿಪರ ಎಂಬ ಮಾತಿಗೆ ಅಂದು ತೂಕವಿತ್ತು. ಇಂಗ್ಲೆಂಡಿನಲ್ಲಿ ಹವ್ಯಾಸಿಗಳು 'ಜಂಟಲ್‌ಮನ್', ಕೂಲಿಗೆ ಆಡುವವರು 'ಪ್ಲೇಯರ್'. ಎಷ್ಟೋ ಮೈದಾನಗಳಲ್ಲಿ ಎರಡು ವರ್ಗಕ್ಕೂ ಬೇರೆ ಬೇರೆ ಕೊಠಡಿ, ಬೇರೆ ಬೇರೆ ಬಾಗಿಲು. ಈ ಭೇದ ರದ್ದಾದದ್ದು 1962ರ ಕೊನೆಯಲ್ಲಿ. ಹೈಲ್ಯಾಂಡ್ ದುಡಿಮೆಗೆಂದು ಬಂದವರ ಸಾಲಿನವರು. ಅದೇ ಕಾಲದಲ್ಲಿ ಅದೇ ಹ್ಯಾಂಪ್‌ಷೈರ್‌ನ ವೃತ್ತಿಪರ ಫಿಲ್ ಮೀಡ್ ಆ ಒಂದು ಕೌಂಟಿಗೇ 48,892 ರನ್ ಪೇರಿಸಿದರು. ಒಂದೇ ತಂಡಕ್ಕಾಗಿ ಅಷ್ಟು ರನ್ ಗಳಿಸಿದವರು ಪ್ರಥಮ ದರ್ಜೆಯಲ್ಲಿ ಇನ್ನೊಬ್ಬರಿಲ್ಲ. ಇಬ್ಬರ ಹೆಸರೂ ಹ್ಯಾಂಪ್‌ಷೈರ್ ಆಟಗಾರರ ಒಂದೇ ಪಟ್ಟಿಯಲ್ಲಿವೆ.

ಇನ್ನೊಂದು ಮಾತು. ಆ ಪಂದ್ಯದ ವೇಳೆಗೆ ಹೈಲ್ಯಾಂಡರಿಗೆ ಸುಮಾರು ಮೂವತ್ತು ವರ್ಷ. ಆಟಗಾರನೊಬ್ಬನ ಮೈಯಲ್ಲಿ ಕಸುವು ತುಂಬಿರುವ ಇಪ್ಪತ್ತರ ಪ್ರಾಯದಲ್ಲಿ, 1915ರಿಂದ 1918ರವರೆಗೆ, ಮಹಾಯುದ್ಧದಿಂದಾಗಿ ಕೌಂಟಿ ಚಾಂಪಿಯನ್‌ಷಿಪ್ಪೇ ನಡೆಯಲಿಲ್ಲ. ಅವರ ಪೀಳಿಗೆಯವರ ಲೆಕ್ಕ ನೋಡುವಾಗ ಈ ನಾಲ್ಕು ವರ್ಷಗಳನ್ನು ಮರೆಯಬಾರದು.

ಮುಂದೆ ಅವರು ಚೆಷೈರ್‌ನಲ್ಲಿ ಸಸಿ ಬೆಳೆಸುವ ನರ್ಸರಿ ಕೆಲಸದಲ್ಲಿ ಒಳ್ಳೆಯ ಹೆಸರು ಗಳಿಸಿದರು. 1964ರ ಫೆಬ್ರವರಿಯಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಕ್ರಿಕೆಟ್ ವಾರ್ಷಿಕ ವಿಸ್ಡನ್ ಆ ಎರಡು ಓವರ್‌ಗಳನ್ನೂ ಆ ನರ್ಸರಿಯನ್ನೂ ನೆನೆದು ಅವರ ನಿಧನವಾರ್ತೆ ಪ್ರಕಟಿಸಿತು.